ಮದುವೆ ಆಫೀಸಿನ ಪ್ರಿಂಟರಿಗೆ ಡಿಸ್‌ಪ್ಲೇ ಹುಡುಕಿದ್ದು

ನಮ್ಮ ಕಚೇರಿಯ ಪ್ರಿಂಟರಿನ ಡಿಸ್‌ಪ್ಲೇ ಒಡೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಹತ್ತು ದಿನ ಬೇರೆಯದೇ ಕಥೆ ಹೇಳಿಕೊಂಡು ಓಡಾಡಿದ್ದೆ.

ಆಗ ನಾನು ಜಯನಗರದ ಒಂದು ವಧೂವರರ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನದರಲ್ಲಿ ನಾನು, ಮೂರು ಕಬ್ಬಿಣದ ಬೀರು, ಒಂದು ಪ್ರಿಂಟರ್. ಒಳಗಿನದರಲ್ಲಿ ಕೇಂದ್ರ ನಡೆಸುತ್ತಿದ್ದ ಹಿರಿಯ ಹೆಂಗಸು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಜಯನಗರದ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರಾದ್ದರಿಂದ ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ನಾಲ್ಕು ಮೊಮ್ಮಕ್ಕಳಿದ್ದ ಮಿಸ್. ತಲೆ ಬೋಳಾದ ಗಂಡಸರು ಮಗಳ ಜಾತಕ ಹಿಡಿದು ಬಂದು “ನಮಸ್ಕಾರ ಮಿಸ್” ಎಂದು ಬಾಗಿಲಲ್ಲೇ ಕೈಕಟ್ಟಿ ನಿಲ್ಲುತ್ತಿದ್ದರು, ಒಳಗೆ ಬಾ ಎನ್ನುವವರೆಗೆ.

ಗಂಡು ಹೆಣ್ಣನ್ನೆಲ್ಲ ಮೊಬೈಲಿನಲ್ಲೇ ನೋಡಿ ಬೆರಳಲ್ಲಿ ಆಚೆ ತಳ್ಳುವ ಕಾಲದಲ್ಲಿ ಪ್ರಿಂಟರ್ ಯಾಕೆ ಎಂದು ಯಾರಾದರೂ ಕೇಳಬಹುದು. ಕಾರಣ ಅಜ್ಜಿಯರು. ಅವರಿಗೆ ಕಾಗದವೇ ಆಗಬೇಕು. ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಬೇಕು, ದೇವರ ಮುಂದಿಡಬೇಕು, ಎರಡು ದಿನ ಯಾರೂ ಸೀನದಂತೆ ಕಾಯಬೇಕು. ಫೋನಿಗೆ ಅರಿಶಿನ ಹಚ್ಚಿದರೆ ಮೊಮ್ಮಕ್ಕಳು ಸುಮ್ಮನಿರುವುದಿಲ್ಲ. ಹಾಗಾಗಿ ನಮ್ಮ ಪ್ರಿಂಟರ್ ದಿನವಿಡೀ ಬಯೋಡೇಟಾ ಮತ್ತು ಜಾತಕಗಳನ್ನು ಹೊರಹಾಕುತ್ತಲೇ ಇರುತ್ತಿತ್ತು. ಅದು ಸಣ್ಣ ಫ್ರಿಜ್ಜಿನಷ್ಟು ಎತ್ತರದ ಹಳೆಯ ಯಂತ್ರ. ಯಾವುದೋ ಆಫೀಸು ಬಾಗಿಲು ಹಾಕುವಾಗ ಮಿಸ್ ಕೊಂಡುತಂದದ್ದು. ಅದರ ನೆತ್ತಿಯ ಮೇಲೆ ಅಂಗೈಯಗಲದ ಒಂದು ಡಿಸ್‌ಪ್ಲೇ. ಎಷ್ಟು ಪ್ರತಿ, ಯಾವ ಅಳತೆಯ ಕಾಗದ, ಎಲ್ಲಿ ಏನು ಸಿಕ್ಕಿಕೊಂಡಿದೆ, ಎಲ್ಲವನ್ನೂ ಅದು ಅಲ್ಲೇ ಹೇಳುತ್ತಿತ್ತು. ನಾವು ಹೇಳುವುದನ್ನು ಕೇಳುವುದೂ ಅಲ್ಲೇ, ಬೆರಳಲ್ಲಿ ಒತ್ತಿದರೆ.

ಆಷಾಢಕ್ಕೆ ಮೂರು ವಾರ ಬಾಕಿಯಿತ್ತು. ಆಷಾಢ ಬರುವುದರೊಳಗೆ ಮಾತುಕತೆ ಮುಗಿಸಬೇಕೆಂದು ಎಲ್ಲರಿಗೂ ಅವಸರ. ಅಂಥ ಒಂದು ಸೋಮವಾರ ಜೆ.ಪಿ. ನಗರದ ಒಬ್ಬ ಹುಡುಗನ ತಾಯಿ ಐದನೆಯ ಸಲ ಬಂದರು. ಅದಕ್ಕೆ ಮೊದಲು ನಾನು ತೋರಿಸಿದ್ದ ಹತ್ತು ಹುಡುಗಿಯರನ್ನು ಅವರು ಬೇಡವೆಂದಿದ್ದರು. ಹನ್ನೊಂದನೆಯವಳ ಫೋಟೋ ಕೈಗೆ ಕೊಟ್ಟೆ.

“ಇವಳು ಹಲ್ಲು ಬಿಟ್ಕೊಂಡು ನಗ್ತಿದಾಳೆ,” ಎಂದರು.

“ಫೋಟೋ ಅಲ್ವಾ ಆಂಟಿ, ನಗು ಅಂದಿರ್ತಾರೆ.”

“ನೋಡಮ್ಮ, ನಮಗೇನೂ ದೊಡ್ಡ ಆಸೆ ಇಲ್ಲ. ಹುಡುಗಿ ಕೆಲಸಕ್ಕೆ ಹೋಗ್ಬೇಕು, ಆದ್ರೆ ಸಾಯಂಕಾಲ ಬಂದು ಸುಸ್ತು ಅನ್ಬಾರ್ದು. ಓದಿರ್ಬೇಕು, ಆದ್ರೆ ನಮ್ಮ ಹುಡುಗನಿಗಿಂತ ಒಂದು ಡಿಗ್ರಿ ಕಮ್ಮಿ ಇದ್ರೆ ಮನೇಲಿ ನೆಮ್ಮದಿ.”

ಅವರ ಹುಡುಗನಿಗೆ ಇದ್ದದ್ದೇ ಒಂದು ಡಿಗ್ರಿ. ಅದೂ ಕಂತುಕಂತಾಗಿ ಬಂದದ್ದು. ನಾನು ಹೂಂ ಹೂಂ ಎಂದು ನಗುತ್ತಲೇ ಅವರನ್ನು ಮೆಟ್ಟಿಲವರೆಗೆ ಕಳಿಸಿ ಬಂದೆ. ಬಂದವಳು ಅವರ ಮಗನ ಬಾಕ್ಸ್ ಫೈಲನ್ನು ಎತ್ತಿ ಪ್ರಿಂಟರಿನ ಮೇಲೆ ಕುಕ್ಕಿದೆ. ಮುಚ್ಚಳದ ಮೇಲೆ ಬೀಳಬೇಕಾದದ್ದು ಒಂದು ಗೇಣು ಆಚೆ ಬಿತ್ತು. ಫೈಲಿನ ತಗಡಿನ ಮೂಲೆ ಡಿಸ್‌ಪ್ಲೇಗೆ ತಗುಲಿ ಚಟ್ ಎಂದಿತು. ಗಾಜಿನ ಒಳಗೆ ಒಂದು ಕಪ್ಪು ಚುಕ್ಕೆ ಹುಟ್ಟಿ, ನಾನು ನೋಡುತ್ತಿದ್ದಂತೆಯೇ ಶಾಯಿ ಚೆಲ್ಲಿದ ಹಾಗೆ ನಾಲ್ಕೂ ಕಡೆ ಹರಡಿ ಇಡೀ ಡಿಸ್‌ಪ್ಲೇಯನ್ನು ನುಂಗಿತು.

ಫೈಲನ್ನು ಬೀರುವಿನಲ್ಲಿಟ್ಟು, ಮುಖ ತೊಳೆದು, ಮಿಸ್ ಮುಂದೆ ಹೋಗಿ ನಿಂತೆ.

“ಮಿಸ್, ಪ್ರಿಂಟರ್ ಡಿಸ್‌ಪ್ಲೇ ಹೊರಟೋಯ್ತು. ತಾನಾಗೇ.”

“ತಾನಾಗೇ?”

“ಹಳೇದಲ್ವಾ ಮಿಸ್. ಬಿಸಿಲಿಗೆ ಇರ್ಬೇಕು.”

ಹೊರಗೆ ಬೆಳಗಿನಿಂದ ತುಂತುರು ಮಳೆ ಹಿಡಿದಿತ್ತು. ಮಿಸ್ ಒಮ್ಮೆ ಕಿಟಕಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. “ಸರಿ. ಒಂದು ಡಿಸ್‌ಪ್ಲೇ ಹುಡುಕಿ ಹಾಕ್ಸು,” ಎಂದಷ್ಟೇ ಹೇಳಿ ಕನ್ನಡಕ ಏರಿಸಿಕೊಂಡು ಪಂಚಾಂಗಕ್ಕೆ ತಿರುಗಿದರು.

ಅದು ಬರುವವರೆಗೆ ಕೆಲಸ ನಿಲ್ಲಿಸುವಂತಿರಲಿಲ್ಲ. ಡಿಸ್‌ಪ್ಲೇ ಕಪ್ಪಾಗಿದ್ದರೂ ಒತ್ತಿದರೆ ಒಳಗೆ ಏನೋ ಒಂದು ಆಗುತ್ತಿತ್ತು. ಎಂಟು ವರ್ಷ ಒತ್ತಿದ ಬೆರಳು, ಜಾಗ ಗೊತ್ತಿದೆ ಎಂದು ನಂಬಿ ಮರುದಿನ ಒಬ್ಬ ಹುಡುಗನ ಬಯೋಡೇಟಾ ಇಟ್ಟು ನಾಲ್ಕು ಪ್ರತಿಗೆಂದು ಒತ್ತಿದೆ. ನಲವತ್ತು ಬಂತು. ಅದೂ ದೊಡ್ಡ ಕಾಗದದಲ್ಲಿ, ಹುಡುಗನ ಮುಖ ಊಟದ ತಟ್ಟೆಯಷ್ಟಗಲ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ತಡಕಾಡಿದರೆ ಇನ್ನೂ ಹತ್ತು ಬಂತು. ಕೊನೆಗೆ ವೈರು ಕಿತ್ತೆ. ಆ ಕಾಗದಗಳನ್ನು ಕೆಳಗಿನ ಟೈಲರ್ ಸಂತೋಷದಿಂದ ತೆಗೆದುಕೊಂಡರು, ಬ್ಲೌಸ್ ಕಟಿಂಗ್ ಅಳತೆಗೆ ಆಗುತ್ತದೆ ಎಂದು. ಅದಾದ ಮೇಲೆ ಬಹಳ ದಿನ, ಆ ಹುಡುಗನ ಅರ್ಧ ಮುಖ ತೋಳಿನ ಆಕಾರದಲ್ಲಿ ಅವರ ಅಂಗಡಿಯ ಮೊಳೆಗೆ ನೇತಾಡುತ್ತಿತ್ತು. ಅವನಿಗೆ ಸಂಬಂಧ ಕೂಡಿಬಂದದ್ದೂ ಅದೇ ತಿಂಗಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಟೈಲರ್ ಈಗಲೂ ಒಪ್ಪುವುದಿಲ್ಲ.

ಡಿಸ್‌ಪ್ಲೇ ಹುಡುಕುವುದು ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ತಯಾರಿಸಿದ ಕಂಪನಿಗೆ ಫೋನ್ ಮಾಡಿದರೆ, ಆ ಮಾಡೆಲ್ ನಿಂತು ಕಾಲವಾಯಿತು, ಹೊಸ ಯಂತ್ರವನ್ನೇ ತಗೊಳ್ಳಿ ಎಂದರು. ಆನ್‌ಲೈನಿನಲ್ಲಿ ತರಿಸಿದ್ದು ಒಂದು ಬೆರಳು ಅಗಲ ಹೆಚ್ಚಾಗಿ ಚೌಕಟ್ಟಿನೊಳಗೆ ಕೂರಲೇ ಇಲ್ಲ, ವಾಪಸ್ ಹೋಯಿತು. ಬಿ.ಟಿ.ಎಂ. ಲೇಔಟಿನಲ್ಲಿ ಪ್ರಿಂಟರ್ ರಿಪೇರಿ ಮಾಡುವ ಒಬ್ಬರ ಅಂಗಡಿಗೆ ಹೋದೆ. ಅವರು ಒಂದು ದಿನ ನಮ್ಮ ಕಚೇರಿಗೇ ಬಂದು ಒಡೆದ ಡಿಸ್‌ಪ್ಲೇಯನ್ನು ಬಿಚ್ಚಿ, ತಾವು ತಂದಿದ್ದನ್ನು ಅದರ ಪಕ್ಕ ಇಟ್ಟರು. ಅವಳಿಜವಳಿಗಳ ಹಾಗೆ ಕಾಣುತ್ತಿದ್ದವು. ಆದರೆ ಹಿಂದಿನ ಕೇಬಲ್ಲಿನ ತುದಿ ಬೇರೆ.

“ಮಾಡೆಲ್ ಒಂದೇ ಮೇಡಂ, ಸೀರೀಸ್ ಬೇರೆ. ಹೊಂದಲ್ಲ,” ಎಂದು ಅವರು ತಲೆಯಾಡಿಸಿದರು.

ಒಂದೇ ಗೋತ್ರವಾದರೆ ಆಗುವುದಿಲ್ಲ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವ ನಾನು, ಅದೇ ಗೋತ್ರ ಬೇಕು ಎಂದು ಊರೆಲ್ಲ ಅಲೆಯುವಂತಾಗಿತ್ತು.

ಆ ರಿಪೇರಿಯವರು ನನ್ನನ್ನು ಗೊಟ್ಟಿಗೆರೆಯ ಒಂದು ಗುಜರಿ ಗೋಡೌನಿಗೆ ಕಳಿಸಿದರು. ಒಂದು ಕಾಲಕ್ಕೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಶೀಟು ಹೊದೆಸಿದ ದೊಡ್ಡ ಶೆಡ್ಡು. ಒಳಗೆ ಕಂಪನಿಗಳು ಎಸೆದ ಕುರ್ಚಿ, ಕಂಪ್ಯೂಟರ್, ಪ್ರಿಂಟರುಗಳ ರಾಶಿ. ಹೊಲದ ಯಜಮಾನರೇ ಈಗ ಗೋಡೌನಿನ ಯಜಮಾನರು. ಬಾಗಿಲ ಬಳಿ ತಿರುಗುವ ಕುರ್ಚಿಯಲ್ಲಿ ಪಂಚೆ ಮಡಿಸಿ ಕೂತಿದ್ದರು. ಒಂದು ಗಂಟೆ ಧೂಳಿನಲ್ಲಿ ಹುಡುಕಿದರೂ ನಮ್ಮ ಯಂತ್ರ ಸಿಗಲಿಲ್ಲ. ಹೊರಡುವಾಗ ಅವರು, “ಯಾವ ಆಫೀಸು ಅಕ್ಕ ನಿಮ್ದು?” ಎಂದರು. ಹೇಳಿದೆ. ಕುರ್ಚಿ ನನ್ನ ಕಡೆ ಗರಕ್ಕನೆ ತಿರುಗಿತು. ಜೇಬಿನಿಂದ ಫೋನ್ ತೆಗೆದು ತಂಗಿಯ ಮಗನ ಫೋಟೋ ತೋರಿಸಿ, “ಒಳ್ಳೆ ಹುಡುಗ, ಸೈಟಿದೆ, ಸ್ವಲ್ಪ ಕೋಪ ಅಷ್ಟೇ,” ಎಂದರು.

ನಾನು ಹೋದಲ್ಲೆಲ್ಲ ಇದೇ ಆಯಿತು. ಆ ವಾರದ ಕೊನೆಗೆ ನನ್ನ ಬ್ಯಾಗಿನಲ್ಲಿ ಡಿಸ್‌ಪ್ಲೇ ಮಾತ್ರ ಇರಲಿಲ್ಲ, ಗಂಡುಗಳು ಐದು ಜನ ಇದ್ದರು.

ಹತ್ತನೆಯ ದಿನ ಬಿ.ಟಿ.ಎಂ.ನವರಿಗೆ ಮತ್ತೆ ಫೋನ್ ಮಾಡಿ ಗೋಳಾಡಿದೆ. ಅವರು, “ತ್ಯಾಗರಾಜನಗರದಲ್ಲಿ ಒಬ್ರು ಮೇಡಂ ಇದಾರೆ. ಬೋರ್ಡು, ಡಿಸ್‌ಪ್ಲೇ ಎಲ್ಲ ನಾವು ರಿಪೇರಿಗೆ ಅವರ ಹತ್ರಾನೇ ಕೊಡೋದು. ಅಡ್ರೆಸ್ ಕಳಿಸ್ತೀನಿ,” ಎಂದರು.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಎಲ್ರಿಗೂ ಹೇಳ್ಬಿಟ್ರೆ ನಮ್ಮ ಅಂಗಡಿಗೆ ಯಾರ್ ಬರ್ತಾರೆ ಮೇಡಂ,” ಎಂದರು, ಒಂದಿಷ್ಟೂ ಸಂಕೋಚವಿಲ್ಲದೆ.

ಒಡೆದ ಡಿಸ್‌ಪ್ಲೇಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೋದೆ. ಗೇಟಿನ ಮುಂದೆ ನಿಂತಾಗಲೇ ಏನೋ ಅನುಮಾನ. ಮನೆಯ ನಂಬರು, ಅಡ್ಡರಸ್ತೆ, ಎಲ್ಲ ಎಲ್ಲೋ ಟೈಪ್ ಮಾಡಿದ ಹಾಗಿದೆ. ಬೆಲ್ ಒತ್ತಿದೆ. ಬಾಗಿಲು ತೆಗೆದವರನ್ನು ಕಂಡಕೂಡಲೇ ಹೊಳೆಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹದಿನೈದು ದಿನಕ್ಕೊಮ್ಮೆ, ಶನಿವಾರ, ತಪ್ಪದೆ ನಮ್ಮ ಕಚೇರಿಗೆ ಬರುತ್ತಿದ್ದ ಹಿರಿಯರು. ಮೂರು ವರ್ಷದಿಂದ ಮಗಳಿಗೆ ಗಂಡು ಹುಡುಕುತ್ತಿದ್ದರು.

“ಅಯ್ಯೋ, ನೀವೇ ಬಂದ್ಬಿಟ್ರಾ. ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲಮ್ಮ,” ಎಂದವರು ಒಳಗೆ ತಿರುಗಿ, “ನೋಡೇ, ಮದುವೆ ಆಫೀಸಿನವರು ಬಂದಿದಾರೆ. ಕಾಫಿ ಇಡು,” ಎಂದರು.

ನಾನು ಬಾಯಿ ತೆರೆಯುವುದರೊಳಗೆ ಸೋಫಾದಲ್ಲಿ ಕೂರಿಸಿದ್ದರು. ಅವರ ಹೆಂಡತಿ ಒಂದು ತಟ್ಟೆ ಕೋಡುಬಳೆ ತಂದಿಟ್ಟು, “ಯಾವ ಕಡೆಯವರು?” ಎಂದು ಮೆಲ್ಲನೆ ಕೇಳಿದರು.

“ಅಲ್ಲ ಅಮ್ಮ, ನಾನು ಒಂದು ಕೆಲಸದ ಮೇಲೆ ಬಂದೆ.”

“ನಮಗೂ ಅದೇ ಕೆಲಸ ಆಗ್ಬೇಕಾಗಿರೋದು,” ಎಂದು ಅವರು ನಗುತ್ತಾ ಕಾಫಿ ತರಲು ಹೋದರು.

ಹಿರಿಯರು ಮಗಳನ್ನು ಕೂಗಿದರು. ಪಕ್ಕದ ಬಾಗಿಲಿನಿಂದ ಒಬ್ಬಳು ಬಂದು ನಿಂತಳು. ಮೂವತ್ನಾಲ್ಕು ವರ್ಷ ಎಂದು ನನಗೆ ಗೊತ್ತಿತ್ತು, ಫೈಲಿನಲ್ಲಿ ಮೂರು ವರ್ಷದಿಂದ ಮೂವತ್ತೊಂದಾಗಿಯೇ ಉಳಿದದ್ದೂ ಗೊತ್ತಿತ್ತು. ಫೈಲಿನ ಫೋಟೋದಲ್ಲಿ ಅವಳು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ತುಳಸಿಕಟ್ಟೆಯ ಪಕ್ಕ ನಿಂತಿದ್ದಳು. ಇಲ್ಲಿ ಅಪ್ಪನದೇ ಇರಬೇಕು, ಒಂದು ಹಳೆಯ ಅಂಗಿ. ಹಣೆಗೆ ಏರಿಸಿಕೊಂಡ ಭೂತಗನ್ನಡಿ. ಸಾಲ್ಡರಿಂಗಿನ ಸುಟ್ಟ ವಾಸನೆ. ಅವಳ ಬಯೋಡೇಟಾ ನನಗೆ ಬಾಯಿಪಾಠ. ಬಿ.ಕಾಂ., ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ಗೃಹಕೃತ್ಯದಲ್ಲಿ ನಿಪುಣೆ, ರಂಗೋಲಿ ಮತ್ತು ದೇವರನಾಮಗಳಲ್ಲಿ ಆಸಕ್ತಿ, ಮೃದು ಸ್ವಭಾವ. ಕೊನೆಯದು ಮಾತ್ರ ನನ್ನ ಸೇರ್ಪಡೆ. ಎಲ್ಲ ಹುಡುಗಿಯರಿಗೂ ಹಾಕುತ್ತಿದ್ದೆ, ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ.

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಕೇಬಲ್ ನೋಡಿದಳು.

“ಯಾವ ಮಾಡೆಲ್?”

ಬೇರೆ ದಾರಿ ಕಾಣದೆ ಡಿಸ್‌ಪ್ಲೇ ತೆಗೆದು ಟೀಪಾಯಿಯ ಮೇಲೆ, ಕೋಡುಬಳೆಯ ಪಕ್ಕ ಇಟ್ಟೆ.

“ಇದಕ್ಕಾ ಬಂದಿದ್ದು?” ಎಂದರು ಹಿರಿಯರು.

“ಹೌದು ಸಾರ್. ನಿಮ್ಮ ಮನೆ ಅಂತ ಗೊತ್ತಿರ್ಲಿಲ್ಲ.”

ಅವರು ಎದ್ದು ಒಳಕೋಣೆಗೆ ಹೋದರು. ಕಾಫಿ ತಂದ ತಾಯಿಗೆ ನಡೆದದ್ದು ಅರ್ಥವಾಗಿ ಮುಖ ಸಪ್ಪಗಾಯಿತು. ಆದರೂ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು. “ತಿನ್ನಿ. ಹೇಗೂ ಕರಿದಿದ್ದಾಗಿದೆ.” ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಕೋಡುಬಳೆ ತಿಂದಿಲ್ಲ.

ಮನೆಯ ಪಕ್ಕದ ಕಾರ್ ಶೆಡ್ಡೇ ಅವಳ ಕೆಲಸದ ಜಾಗ. ಅಲ್ಲಿ ಕಾರು ಯಾವತ್ತೂ ನಿಂತಂತೆ ಕಾಣಲಿಲ್ಲ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿದ ಪ್ರಿಂಟರುಗಳು, ಹಳೆಯ ಬಿಸ್ಕತ್ತಿನ ಡಬ್ಬಗಳಲ್ಲಿ ಅಳತೆವಾರು ಸ್ಕ್ರೂಗಳು. ಅವಳು ನನ್ನ ಡಿಸ್‌ಪ್ಲೇಯನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದಳು.

“ಯಾರೋ ಕುಟ್ಟಿದಾರೆ ಇದನ್ನ.”

“ತಾನಾಗೇ ಹೋಯ್ತು,” ಎಂದೆ, ಅಭ್ಯಾಸಬಲದಿಂದ.

ಅವಳು ಭೂತಗನ್ನಡಿ ಇಳಿಸಿ ಗಾಜಿನ ಮೂಲೆಯ ಗುಳಿಯನ್ನು ನೋಡಿದಳು, ಆಮೇಲೆ ಅದೇ ಭೂತಗನ್ನಡಿಯಲ್ಲಿ ನನ್ನನ್ನು ನೋಡಿದಳು. ರಾಶಿಯ ಹಿಂದೆ ಹೋಗಿ ಎರಡು ಯಂತ್ರ ಪಕ್ಕಕ್ಕೆ ಸರಿಸಿ, ಮೂರನೆಯದರ ಮೇಲಿನ ಗೋಣಿಚೀಲ ತೆಗೆದಳು. ನಮ್ಮದೇ ಮಾಡೆಲ್, ನಮ್ಮದೇ ಸೀರೀಸ್. ಒಳಗಿನ ಮೋಟಾರು ಸುಟ್ಟು ಬಂದದ್ದಂತೆ. ಡಿಸ್‌ಪ್ಲೇಗೆ ಮಾತ್ರ ಒಂದು ಗೀರೂ ಇರಲಿಲ್ಲ. ನನಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

“ಎಷ್ಟಾಗತ್ತೆ?” ಎಂದೆ.

“ದುಡ್ಡು ಬೇಡ ಅಕ್ಕ. ನಾಳೆ ನಾನೇ ಬಂದು ಹಾಕ್ಕೊಡ್ತೀನಿ. ನನ್ನ ಫೈಲ್ ತೆಗೆದ್ಬಿಡಿ.”

“ಅದು ನಿಮ್ಮ ತಂದೆ ಕೊಟ್ಟಿರೋದಲ್ವಾ. ಅವರು ಹೇಳ್ಬೇಕು.”

“ನನ್ನ ಫೈಲ್ ತೆಗಿ ಅಂತ ಹೇಳೋಕೆ ನನಗೆ ಆಗಲ್ವಾ?”

ಎಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮದುವೆ ಬೇಡವೇ ಎಂದು ಕೇಳಿದೆ, ಬೇರೆ ಏನು ಕೇಳಬೇಕೆಂದು ತಿಳಿಯದೆ. ಅವಳು ಸ್ಕ್ರೂ ಬಿಚ್ಚುತ್ತಲೇ ಮಾತಾಡಿದಳು.

“ಬೇಡ ಅಂತ ಅಲ್ಲ. ಇಲ್ಲಿವರೆಗೂ ಒಂಬತ್ತು ಜನ ಬಂದು ನೋಡ್ಕೊಂಡು ಹೋದ್ರು. ಒಬ್ಬರ ಅಮ್ಮ ನನ್ನ ಕೈ ಹಿಡ್ಕೊಂಡು, ಬೆರಳೆಲ್ಲ ಯಾಕೆ ಸುಟ್ಟಿದೆ ಅಂದ್ರು. ಒಬ್ಬಟ್ಟು ಮಾಡೋವಾಗ ಅಂತ ನಮ್ಮಮ್ಮ ಹೇಳಿದ್ರು. ಅವರಿಗೆ ಸಖತ್ ಖುಷಿ ಆಯ್ತು. ನಾನು ಜೀವಮಾನದಲ್ಲಿ ಒಬ್ಬಟ್ಟು ಮಾಡಿಲ್ಲ ಅಕ್ಕ. ಆ ಕಾಗದದಲ್ಲಿ ಇದಾಳಲ್ಲ, ರಂಗೋಲಿ ಹಾಕೋಳು, ಅವಳಿಗೆ ನೀವು ಗಂಡು ಹುಡುಕ್ತಿದೀರ. ನಾಳೆ ಅವಳಿಗೆ ಯಾರೋ ಸಿಕ್ಕಿಬಿಟ್ರೆ ನಾನೇನ್ ಮಾಡ್ಲಿ?”

ಆ ಕಾಗದವನ್ನು ಟೈಪ್ ಮಾಡಿದವಳು ನಾನು. ಮಿಸ್ ಹತ್ತಿರ ಕೇಳಿ ನೋಡುತ್ತೇನೆ ಎಂದು ಹೇಳಿ ಹೊರಟೆ. ಹೋಗುವಾಗ ಹಿರಿಯರು ಹೊರಗೆ ಬರಲಿಲ್ಲ.

ಮರುದಿನ ಹನ್ನೊಂದಕ್ಕೆ ಅವಳು ಸ್ಕೂಟರಿನಲ್ಲಿ ಬಂದಳು, ಡಿಸ್‌ಪ್ಲೇಯನ್ನು ಒಂದು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು. ಮಿಸ್ ಕುರ್ಚಿಯನ್ನು ಪ್ರಿಂಟರಿನ ಬಳಿಗೇ ಎಳೆಸಿಕೊಂಡು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ ಕೂತರು. ಅವಳು ಮೇಲಿನ ಚೌಕಟ್ಟನ್ನು ಎಬ್ಬಿಸಿ, ರಿಬ್ಬನ್ನಿನಂಥ ಚಪ್ಪಟೆ ಕೇಬಲ್ಲನ್ನು ಬೆರಳ ತುದಿಯಿಂದ ಅದರ ಸಂದಿಗೆ ಕೂರಿಸಿದಳು. ಮಗುವಿನ ಕಿವಿಗೆ ಓಲೆ ಹಾಕುವಷ್ಟು ಹುಷಾರಾಗಿ.

“ಏನಾಗಿತ್ತಮ್ಮ ಇದಕ್ಕೆ?” ಎಂದು ಮಿಸ್ ಕೇಳಿದರು.

ಅವಳು ತಲೆ ಎತ್ತಲಿಲ್ಲ. “ಹಳೇದಲ್ವಾ ಮಿಸ್. ಬಿಸಿಗೆ ಹೋಗಿರ್ಬೇಕು.”

ಬಿಸಿಲಿನ ಕಥೆಯನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ನನ್ನ ಮೇಲಿನ ಕನಿಕರಕ್ಕೆ ಅವಳೇ ಹುಟ್ಟಿಸಿಕೊಂಡದ್ದು. ನನ್ನ ಸುಳ್ಳನ್ನು ನಾನು ಹೊರಬಲ್ಲೆ, ಅದನ್ನು ಇನ್ನೊಬ್ಬಳು ನನಗಾಗಿ ಹೊರುವುದು ಯಾಕೋ ಸಹಿಸಲಾಗಲಿಲ್ಲ.

“ನಾನೇ ಮಿಸ್,” ಎಂದೆ. “ಫೈಲ್ ಎತ್ತಿ ಕುಕ್ಕಿದೆ.”

“ಗೊತ್ತು. ಆವತ್ತು ಸದ್ದು ಕೇಳಿಸ್ತು. ಯಾವ ಫೈಲು?”

“ಜೆ.ಪಿ. ನಗರದ್ದು. ಹನ್ನೊಂದು ಹುಡುಗೀರನ್ನ ಬೇಡ ಅಂದವರದ್ದು.”

ಮಿಸ್ ಸ್ವಲ್ಪ ಯೋಚಿಸಿದರು. “ಆ ಫೈಲಾದ್ರೆ ಸರಿ,” ಎಂದರು.

ಅಷ್ಟರಲ್ಲಿ ಡಿಸ್‌ಪ್ಲೇ ಬೆಳಗಿತು. ಹತ್ತು ದಿನ ಬಾಯಿ ಕಟ್ಟಿಕೊಂಡಿದ್ದ ಯಂತ್ರ ತನ್ನ ದೂರುಗಳನ್ನೆಲ್ಲ ಒಂದರ ಹಿಂದೆ ಒಂದು ಹೇಳತೊಡಗಿತು. ಎರಡನೆಯ ಟ್ರೇಯಲ್ಲಿ ಕಾಗದ ಸಿಕ್ಕಿದೆ, ಟೋನರ್ ಮುಗಿಯುತ್ತಾ ಬಂದಿದೆ, ಬಲಗಡೆಯ ಬಾಗಿಲು ಸರಿಯಾಗಿ ಮುಚ್ಚಿಲ್ಲ. ಅವಳು ಎಲ್ಲವನ್ನೂ ಸರಿಮಾಡಿ, ಒಳಗೆ ಸಿಕ್ಕಿದ ಒಂದು ಹೇರ್‌ಪಿನ್ನು, ನಾಲ್ಕು ಅಕ್ಷತೆ ಕಾಳು ತೆಗೆದು ಮೇಜಿನ ಮೇಲಿಟ್ಟಳು.

ನಾನು ಮಿಸ್‌ಗೆ ಅವಳ ಫೈಲಿನ ವಿಷಯ ಹೇಳಿದೆ. ಮಿಸ್ ಬೀರುವಿನಿಂದ ಅದನ್ನು ತರಿಸಿ, ಬಯೋಡೇಟಾವನ್ನು ಅವಳ ಕೈಗೆ ಕೊಟ್ಟು, ಜೊತೆಗೆ ತಮ್ಮ ಕೆಂಪು ಪೆನ್ನನ್ನೂ ಕೊಟ್ಟರು.

“ತಪ್ಪಿದ್ದಲ್ಲಿ ತಿದ್ದು.”

ಅವಳು ನಿಂತುಕೊಂಡೇ ಓದಿದಳು. ವಯಸ್ಸು ಹೊಡೆದಳು, ಬಿ.ಕಾಂ. ಹೊಡೆದಳು, ಕೆಲಸ ಹೊಡೆದಳು, ಗೃಹಕೃತ್ಯ ಹೊಡೆದಳು. ರಂಗೋಲಿಯ ಬಳಿ ನಗು ಬಂದು ಕೈ ನಿಂತಿತು. “ಮೃದು ಸ್ವಭಾವ ಯಾರು ಬರೆದಿದ್ದು?” ಎಂದಳು. ನಾನು ಟ್ರೇಯ ಕಾಗದ ಸರಿಮಾಡುವುದರಲ್ಲಿ ಮಗ್ನಳಾದೆ. ಕೊನೆಗೆ ಆ ಹಾಳೆಯಲ್ಲಿ ಅವಳ ಹೆಸರು, ನಕ್ಷತ್ರ, ಎತ್ತರ ಮೂರೇ ಉಳಿದವು.

“ಇನ್ನೊಂದು ಬರ್ಕೊಡ್ತೀಯಾ, ನಿಜ ಇರೋದು?” ಎಂದು ಮಿಸ್ ಕೇಳಿದರು.

“ಈಗ ಬೇಡ ಮಿಸ್.”

ಮಿಸ್ ಆ ಹಾಳೆಯನ್ನು ಹರಿಯಲಿಲ್ಲ. ಮಡಿಸಿ ತಮ್ಮ ಮೇಜಿನ ಡ್ರಾಯರಿಗೆ ಹಾಕಿದರು. ಖಾಲಿ ಫೈಲನ್ನು ನನಗೆ ಕೊಟ್ಟು, ಮೇಲಿನ ಚೀಟಿ ಕೀಳು ಎಂದರು. ಕಿತ್ತೆ.

ಶನಿವಾರ ಹಿರಿಯರು ಬಂದರು. ಇಸ್ತ್ರಿ ಅಂಗಿಯೇ, ಆದರೆ ಗುಂಡಿ ಒಂದು ಮನೆ ತಪ್ಪಿತ್ತು. ಕೂರಿ ಎಂದರೂ ಕೂರಲಿಲ್ಲ.

“ನನ್ನ ಮಗಳ ಫೈಲ್ ತೆಗೆದ್ರಂತೆ. ನನ್ನನ್ನ ಒಂದು ಮಾತು ಕೇಳ್ಬೇಡ್ವಾ ಮಿಸ್?”

“ಅದರಲ್ಲಿ ಇದ್ದಿದ್ದು ಸುಳ್ಳು. ಸುಳ್ಳು ಬರೆದಿರೋ ಫೈಲ್ ನಾವು ಇಡಲ್ಲ,” ಎಂದರು ಮಿಸ್.

ಆ ನಿಯಮ ನಿಜವಾಗಿದ್ದರೆ ನಮ್ಮ ಮೂರೂ ಬೀರುಗಳನ್ನು ಅವತ್ತೇ ಗುಜರಿಗೆ ಹಾಕಬಹುದಾಗಿತ್ತು.

“ಮತ್ತೆ ಏನಂತ ಬರೆಯೋದು? ಕಾರ್ ಶೆಡ್ಡಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿರ್ತಾಳೆ ಅಂತಾನಾ? ಯಾರ್ ಬರ್ತಾರೆ?” ಎಂದು ಅವರು ದನಿ ಏರಿಸಿದರು. ಮಿಸ್ ಉತ್ತರ ಕೊಡಲಿಲ್ಲ. ಪಾಠ ಹೇಳಿಕೊಟ್ಟವರಿಗೆ ಗೊತ್ತಿರುವ ವಿದ್ಯೆ ಅದು, ಎದುರಿನವರೇ ಮುಂದುವರಿಯಲಿ ಎಂದು ಕಾಯುವುದು. ಹಿರಿಯರು ಕೊನೆಗೆ ಕುರ್ಚಿಯ ಅಂಚಿನಲ್ಲಿ ಕೂತರು.

“ಕಲಿಸಿದ್ದು ನಾನೇ ಮಿಸ್. ನಾನು ಕಾರ್ಖಾನೇಲಿ ಫಿಟ್ಟರ್ ಆಗಿದ್ದೆ. ಮನೇಲಿ ರೇಡಿಯೋ, ಮಿಕ್ಸಿ ಬಿಚ್ಕೊಂಡು ಕೂತ್ರೆ ಇವಳು ಪಕ್ಕದಲ್ಲೇ ಇರೋಳು. ಟಾರ್ಚ್ ಹಿಡ್ಕೊ ಅಂತಿದ್ದೆ, ಅಷ್ಟೇ. ಟಾರ್ಚ್ ಹಿಡೀತಾ ಹಿಡೀತಾನೇ ಎಲ್ಲ ಕಲಿತ್ಬಿಟ್ಲು. ರಿಟೈರ್ ಆದಾಗ ನನ್ನ ಟೂಲ್ಸೂ ಅವಳಿಗೇ ಕೊಟ್ಟೆ. ಈಗ ಒಂದೊಂದು ಸಂಬಂಧ ತಪ್ಪಿದಾಗ್ಲೂ ನಮ್ಮ ಮನೆಯವಳು, ನೀವೇ ಅವಳನ್ನ ಹಾಳ್ಮಾಡಿದ್ದು ಅಂತಾಳೆ. ಅದಕ್ಕೆ ಬರೀಲಿಲ್ಲ.”

ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಚೆನ್ನಾಗೇ ಕಲಿಸಿದೀರ. ಎದ್ದು ಅಲ್ಲಿ ನೋಡಿ.”

ಅವರು ಎದ್ದು ಪ್ರಿಂಟರಿನ ಹತ್ತಿರ ಹೋದರು. ಮೊದಲು ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಆಮೇಲೆ ಡಿಸ್‌ಪ್ಲೇಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು, ಎಲ್ಲಾದರೂ ಎದ್ದಿದೆಯೇ ಎಂದು. ಎದ್ದಿರಲಿಲ್ಲ. ಬಗ್ಗಿ ಪಕ್ಕದಿಂದ ನೋಡಿದರು. ಚೌಕಟ್ಟಿನ ಸುತ್ತ ಸ್ಕ್ರೂಗಳನ್ನು ಎಣಿಸಿದರು. ಅಲ್ಲಿ ಮುಖ ಗಂಟಿಕ್ಕಿತು.

“ಒಂದು ಸ್ಕ್ರೂ ಹಾಕಿಲ್ಲ,” ಎಂದರು ನನ್ನ ಕಡೆ ತಿರುಗಿ. “ಕೆಳಗಡೆ ಎಡಗಡೆ. ಏನು ಅವಸರವೋ ಇವಳಿಗೆ. ಕಳಿಸ್ತೀನಿ, ಹಾಕಿಹೋಗ್ಲಿ.”

“ಅಷ್ಟಕ್ಕೆಲ್ಲ ಯಾಕೆ ಸಾರ್,” ಎಂದೆ.

“ಅಷ್ಟಕ್ಕೆಲ್ಲ ಅಂದ್ರೆ? ಅದಿಲ್ದೆ ಅಲ್ಲಾಡತ್ತೆ. ಅಲ್ಲಾಡಿದ್ರೆ ಕೇಬಲ್ ಸಡಿಲ ಆಗತ್ತೆ.” ಫೈಲಿನ ವಿಷಯ ಅವತ್ತು ಅವರು ಮತ್ತೆ ಎತ್ತಲಿಲ್ಲ. ಮೆಟ್ಟಿಲಿಳಿಯುವಾಗ ಫೋನಿನಲ್ಲಿ ಅವರು ಮಗಳನ್ನು ಬೈಯುವುದು ಕೇಳಿಸುತ್ತಿತ್ತು, ಸ್ಕ್ರೂ ಎಂಬ ಮಾತು ನಾಲ್ಕು ಸಲವಾದರೂ ಬಂತು. ಸಾಯಂಕಾಲ ಅವಳು ಬಂದು, ಮುಖ ಗಂಟು ಹಾಕಿಕೊಂಡು, ಆ ಒಂದು ಸ್ಕ್ರೂ ಹಾಕಿ ಹೋದಳು.

ಅದಾದ ಮೇಲೆ ಎಷ್ಟೋ ಶನಿವಾರ ಹಿರಿಯರ ದಾರಿ ನೋಡಿದೆವು. ಬರಲಿಲ್ಲ. ಬೇರೆ ಕೇಂದ್ರಕ್ಕೆ ಹೋಗುತ್ತಿರಬೇಕು ಎಂದು ನಾನು ಹೇಳುತ್ತಿದ್ದೆ. ಹುಡುಗಿಯರ ಬಯೋಡೇಟಾದಲ್ಲಿ ಮೃದು ಸ್ವಭಾವ ಹಾಕುವುದನ್ನು ನಾನು ಬಿಟ್ಟೆ. ಒಂದಿಬ್ಬರು ತಾಯಂದಿರು ಬಂದು, ಪಕ್ಕದ ಮನೆಯ ಹುಡುಗಿಗೆ ಹಾಕಿದ್ದೀರಲ್ಲ, ನಮ್ಮವಳಿಗೆ ಯಾಕಿಲ್ಲ ಎಂದು ಜಗಳವಾಡಿದ ಮೇಲೆ ಅವರಿಗೆ ಮಾತ್ರ ಮತ್ತೆ ಹಾಕಿಕೊಟ್ಟೆ.

ಎರಡು ವರ್ಷದ ನಂತರ ನಾನು ಆ ಕೆಲಸ ಬಿಟ್ಟೆ. ಕಳೆದ ವರ್ಷ ನಮ್ಮ ಮನೆಯ ಪ್ರಿಂಟರ್ ಕೆಟ್ಟಾಗ ಯಾರೋ ಯಡಿಯೂರು ಕೆರೆಯ ಹತ್ತಿರದ ಒಂದು ಅಂಗಡಿ ಹೇಳಿದರು. ಹೋದರೆ ಕೌಂಟರಿನ ಹಿಂದೆ ಅದೇ ಹಿರಿಯರು, ಮುಂದೆ ರಸೀದಿ ಪುಸ್ತಕ. ನನ್ನನ್ನು ಗುರುತಿಸಿ ತಲೆಯಾಡಿಸಿದರು, ಆದರೆ ನನಗಿಂತ ಮೊದಲು ಬಂದ ಒಬ್ಬ ಗಿರಾಕಿ ಅಲ್ಲಿದ್ದ. ಅವನು ಗಾಜಿನ ಆಚೆ ತಲೆ ತಗ್ಗಿಸಿ ಕೂತಿದ್ದ ಅವರ ಮಗಳನ್ನು ನೋಡಿ, “ರಿಪೇರಿ ಮಾಡೋರು ಇಲ್ವಾ ಅಂಕಲ್? ಯಾವಾಗ ಬರ್ತಾರೆ?” ಎಂದು ಕೇಳಿದ.

“ಇದಾರಲ್ಲ, ಕಾಣಿಸ್ತಿಲ್ವಾ?” ಎಂದರು ಹಿರಿಯರು. “ಆ ಕೆಲಸ ಮುಗಿಸೋವರೆಗೂ ಯಾರ ಹತ್ರಾನೂ ಮಾತಾಡಲ್ಲ ಅವರು. ಕೂತ್ಕೊಳ್ಳಿ.”

ಅವನು ಕೂತ. ನಾನೂ ನನ್ನ ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕ ಕೂತೆ. ನನ್ನ ಸರದಿ ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.